ಗೌರಿಯ ಮರದ ಎಳನೀರು

ಮೊದಲ ಮಳೆ ಬಿದ್ದು ಕಟ್ಟೆಗೆ ಕೆಂಪು ನೀರು ಬಂದ ವಾರದಲ್ಲೇ ನಮ್ಮ ಕಡೆ ಮಕ್ಕಳಿಗೆ ವಾಂತಿಭೇದಿ ಶುರುವಾಗುತ್ತದೆ. ಆ ವರ್ಷವೂ ಹಾಗೇ ಆಯಿತು. ಬಿಳಿಗೆರೆಯ ಆಚೆ ತೋಟದ ಮನೆಯಲ್ಲಿದ್ದ ಲಕ್ಷ್ಮಕ್ಕನ ಮಗ ಹುಚ್ಚರಂಗನಿಗೆ ಬೆಳಗಿನಿಂದ ನಿಲ್ಲದ ಭೇದಿ. ಮಗುವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮೊದಲ ಮಗು ಉಳಿಯದ ಮನೆಯಲ್ಲಿ ಹುಟ್ಟಿದವನು. ಸಾವಿನ ಕಣ್ಣು ಬೀಳದಿರಲಿ ಎಂದು ಅಜ್ಜಿ, ಲಕ್ಷ್ಮಕ್ಕನ ಅತ್ತೆ ಪುಟ್ಟಗಂಗಮ್ಮ ಆ ಹೆಸರಿಟ್ಟಿದ್ದಳು.

ಲಕ್ಷ್ಮಕ್ಕನ ಗಂಡ ಸಣ್ಣತಿಮ್ಮಯ್ಯ ನರ್ಸಮ್ಮನನ್ನು ಕರೆತರಲು ಸೈಕಲ್ ಹತ್ತಿ ಹೋಗಿದ್ದ. ಮಗು ತಾಯಿಯ ತೊಡೆಯ ಮೇಲೆ ಮಲಗಿ ನೀರಿನ ಚೊಂಬಿನ ಕಡೆ ಕೈ ಚಾಚುತ್ತಿತ್ತು. ಪುಟ್ಟಗಂಗಮ್ಮ ಚೊಂಬನ್ನು ಎತ್ತಿ ಗೂಡಿನೊಳಗೆ ಇಟ್ಟುಬಿಟ್ಟಳು. ಭೇದಿಯಾಗುವಾಗ ನೀರು ಕೊಟ್ಟರೆ ಇನ್ನಷ್ಟು ಆಗುತ್ತದೆ, ಹೊಟ್ಟೆ ಒಣಗಿದರೆ ತಾನೇ ನಿಲ್ಲುತ್ತದೆ ಎಂದು ಅವಳ ಅತ್ತೆ ಅವಳಿಗೆ ಹೇಳಿದ್ದಳು. ಮೊಮ್ಮಗನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಪ್ರೀತಿಯಿಂದಲೇ ನೀರು ನಿಲ್ಲಿಸಿದ್ದಳು.

ಲಕ್ಷ್ಮಕ್ಕನ ಕಣ್ಣಿಗೆ ಇನ್ನೊಂದು ಕೈ ಕಾಣುತ್ತಿತ್ತು, ಅವಳ ಮೊದಲ ಮಗಳು ಚಿಕ್ಕಗೌರಿಯದು. ಮೂರು ವರ್ಷದ ಹುಡುಗಿ ಇಂಥದೇ ಮಳೆಗಾಲದ ಮೊದಲಲ್ಲಿ ಹೀಗೇ ನೀರು ಕೇಳಿ ಕೇಳಿ, ಕೊನೆಗೆ ಕೇಳುವುದನ್ನೂ ಬಿಟ್ಟು ಸುಮ್ಮನಾಗಿದ್ದಳು. ಅವಳು ಹುಟ್ಟಿದ ವರ್ಷ ಹಿತ್ತಲಲ್ಲಿ ಒಂದು ತೆಂಗಿನ ಸಸಿ ಇಟ್ಟಿದ್ದರು. ನಡೆಯಲು ಕಲಿತ ಮೇಲೆ ಗೌರಿ ಕರಟದಲ್ಲಿ ಅದಕ್ಕೆ ನೀರು ಹೊಯ್ಯುತ್ತಿದ್ದಳು. ಅರ್ಧ ಗಿಡಕ್ಕೆ, ಅರ್ಧ ಅವಳ ಲಂಗಕ್ಕೆ. ಈಗ ಆ ಮರ ಮೊದಲ ಗೊನೆ ಬಿಟ್ಟಿತ್ತು. ಸಂಜೆಯಾದರೆ ಲಕ್ಷ್ಮಕ್ಕ ಅದರ ಬುಡದಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಉಳಿದ ಮರಗಳ ಕಾಯಿ ಅಟ್ಟ ಸೇರಿ ಕೊಬ್ಬರಿಯಾಗುತ್ತಿತ್ತು. ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ, ನಾರು ಹಗ್ಗಕ್ಕೆ. ಈ ಒಂದು ಮರದ್ದು ಮಾತ್ರ, ಒಣಗಿ ಬಿದ್ದ ಗರಿಯನ್ನೂ ಅವಳು ಒಲೆಗೆ ಹಾಕುತ್ತಿರಲಿಲ್ಲ.

ನರ್ಸಮ್ಮ ಗಿರಿಜಾಂಬಿಕಾ ಸೈಕಲ್ಲಿನ ಹಿಂದೆ ಕೂತು ಬಂದರು. ಮಗುವಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರು. ಅದು ಬೇಗ ಸಮನಾಗಲಿಲ್ಲ. ಅತ್ತರೆ ಕಣ್ಣೀರು ಬರುತ್ತದೆಯೇ, ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು, ಕುಡಿಯಲು ಏನು ಕೊಟ್ಟಿರಿ ಎಂದೆಲ್ಲ ಕೇಳಿದರು.

"ಏನೂ ಕೊಟ್ಟಿಲ್ಲ ಕಣವ್ವ. ಎದೆಹಾಲೂ ಬುಡಿಸಿವ್ನಿ," ಎಂದಳು ಪುಟ್ಟಗಂಗಮ್ಮ.

ನರ್ಸಮ್ಮ ಬೈಯಲಿಲ್ಲ. ಮೈಯಿಂದ ಹೊರಗೆ ಹೋದ ನೀರು, ಉಪ್ಪು ವಾಪಸು ಸೇರದಿದ್ದರೆ ಮಗುವಿನ ಜೀವಕ್ಕೇ ಅಪಾಯ ಎಂದು ತಿಳಿಸಿ ಹೇಳಿದರು. ಅವರ ಚೀಲದಲ್ಲಿದ್ದ ಓಆರ್‌ಎಸ್ ಪೊಟ್ಟಣಗಳು ಬೆಳಗ್ಗೆಯೇ ಪಕ್ಕದ ಹಟ್ಟಿಯಲ್ಲಿ ಖರ್ಚಾಗಿದ್ದವು. ಸಣ್ಣತಿಮ್ಮಯ್ಯನನ್ನು ತಿಪಟೂರಿಗೆ ಓಡಿಸಿದರು. ಅವನು ಬರುವ ತನಕ ಎದೆಹಾಲು ಕೊಡಿ, ಉಪ್ಪು ಹಾಕಿದ ಗಂಜಿ ತಿಳಿ ಕೊಡಿ, ಎಳನೀರು ಕೊಡಿ ಎಂದರು.

"ಎಳನೀರು ಥಂಡಿ ಅಲ್ವಾ ನರ್ಸಮ್ಮ? ಭೇದಿ ಇನ್ನೂ ಕಿತ್ಕಂಡು ಹೋಯ್ತದೆ."

"ಒಂದೆರಡು ಸಲ ಜಾಸ್ತಿ ಹೋದ್ರೂ ಹೋಗ್ಲಿ ಅಜ್ಜಿ. ಒಳಗೆ ನೀರಿದ್ರೆ ಮಗು ತಡ್ಕೊಳ್ಳುತ್ತೆ. ಒಣಗಿದ್ರೆ ತಡ್ಕೊಳ್ಳಲ್ಲ."

 ಪುಟ್ಟಗಂಗಮ್ಮ ಇಷ್ಟು ವರ್ಷ ಯಾರನ್ನೂ ಕೇಳದಿದ್ದ ಮಾತನ್ನು ಕೇಳಿದಳು.

"ಅವತ್ತು ಕೊಟ್ಟಿದ್ರೆ ನಮ್ ಗೌರಿ ಉಳ್ಕತಿದ್ಲಾ?"

ಗಿರಿಜಾಂಬಿಕಾ ಅವರಿಗೆ ಗೌರಿ ಯಾರೆಂದು ಗೊತ್ತಿರಲಿಲ್ಲ. ಲಕ್ಷ್ಮಕ್ಕನ ಮುಖ ನೋಡಿ ತಿಳಿದುಕೊಂಡರು.

"ಅದು ನಂಗೆ ಗೊತ್ತಿಲ್ಲ ಅಜ್ಜಿ. ಇವನು ಇನ್ನೂ ನೀರು ಕೇಳ್ತಾ ಇದ್ದಾನೆ."

ಲಕ್ಷ್ಮಕ್ಕ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ಎದ್ದಳು. ತೋಟದ ಮರಗಳೆಲ್ಲ ಎತ್ತರ, ಹತ್ತಿ ಕೊಯ್ಯುವವರು ಯಾರೂ ಹತ್ತಿರ ಇರಲಿಲ್ಲ. ಕೈಗೆ ಎಟಕುವುದು ಗೌರಿಯ ಮರದ ಗೊನೆಯೊಂದೇ. ಮಚ್ಚು ಹಿಡಿದು ಹೋದವಳು ಮರದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಹಿಂದೆಯೇ ಮಗುವನ್ನು ಎತ್ತಿಕೊಂಡು ಬಂದ ಅತ್ತೆ, ಮಚ್ಚು ಇತ್ತ ಕೊಡು, ನಾನು ಕೊಯ್ಯುತ್ತೇನೆ ಎಂದು ಕೈ ನೀಡಿದಳು.

"ಬ್ಯಾಡ ಅತ್ತೆ, ನಾನೇ ಕುಯ್ತೀನಿ. ಅಕ್ಕನ ಮರ, ತಮ್ಮ ಕುಡೀಲಿ."

ನರ್ಸಮ್ಮ ಚಮಚದಲ್ಲಿ ಕುಡಿಸುವುದನ್ನು ತೋರಿಸಿಕೊಟ್ಟರು. ಮೊದಲು ಕುಡಿದದ್ದು ವಾಂತಿಯಾಯಿತು. ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ನಿಧಾನವಾಗಿ ಮತ್ತೆ ಕೊಡಿ ಎಂದರು. ಮಗು ಎದೆಹಾಲು ಕುಡಿಯಿತು. ಅಜ್ಜಿ ಗಂಜಿಗೆ ಇಟ್ಟಳು. ದೀಪ ಹಚ್ಚುವ ಹೊತ್ತಿಗೆ ಸಣ್ಣತಿಮ್ಮಯ್ಯ ಪೊಟ್ಟಣ ತಂದ. ಕಾಯಿಸಿ ಆರಿಸಿದ ನೀರಿಗೆ ಅದನ್ನು ಕಲಸಿ ಕೊಡತೊಡಗಿದರು. ಆಗ ಪುಟ್ಟಗಂಗಮ್ಮನ ಮಡಿಲು ಬೆಚ್ಚಗಾಯಿತು.

"ಉಚ್ಚೆ ಹೊಯ್ದ ಕಣೇ," ಎಂದು ಸೊಸೆಗೆ ಹೇಳಿ, ಒದ್ದೆ ಸೀರೆಯಲ್ಲೇ ಕೂತು ಅತ್ತಳು.

ಹುಚ್ಚರಂಗ ಚೇತರಿಸಿಕೊಂಡ. ಅಂದಿನಿಂದ ಯಾರ ಮನೆಯಲ್ಲಿ ಮಗುವಿಗೆ ಭೇದಿ ಎಂದರೂ ಪುಟ್ಟಗಂಗಮ್ಮ ಕರೆಯದೆಯೇ ಹೋಗಿ, ನೀರು ನಿಲ್ಲಿಸಬೇಡಿ ಎಂದು ಹೇಳಿ ಬರುತ್ತಾಳೆ. ಲಕ್ಷ್ಮಕ್ಕನ ಹಂಬಲ ಮಾತ್ರ ಕಡಿಮೆಯಾಗಲಿಲ್ಲ. ಗೌರಿ ಇದ್ದಿದ್ದರೆ ಸ್ಲೇಟು ಹಿಡಿದು ಸ್ಕೂಲಿಗೆ ಹೋಗುವ ವಯಸ್ಸು. ಇಷ್ಟು ಸುಲಭವಿತ್ತಲ್ಲ, ತೋಟದಲ್ಲೇ ಇತ್ತಲ್ಲ ಎಂಬ ಮಾತು ಅವಳನ್ನು ಬಿಡುವುದಿಲ್ಲ.

ಅಕ್ಕತಂಗಿಯರೇ, ನಿಮಗೆ ಆ ಸಂಕಟ ಬೇಡ. ಭೇದಿಯಾದ ಮಗುವಿಗೆ ಎದೆಹಾಲು ಬಿಡಿಸಬೇಡಿ, ನೀರು ನಿಲ್ಲಿಸಬೇಡಿ. ಓಆರ್‌ಎಸ್ ಪೊಟ್ಟಣ ತಂದು ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ ಕೊಡಿ. ಅದು ಸಿಗುವ ತನಕ ಗಂಜಿ, ಎಳನೀರು ಕೊಡಿ. ಕೊಬ್ಬರಿಗೆ ಕಾಯಿ ಕಡಿಮೆಯಾಯಿತು ಎಂದು ನೋಡಬೇಡಿ. ನೀರು ಕಾಯಿಸಲು ಸೌದೆ ಇಲ್ಲ ಎನ್ನಬೇಡಿ, ಮಟ್ಟೆ, ಕರಟ ನಿಮ್ಮ ಹಿತ್ತಲಲ್ಲೇ ಬಿದ್ದಿವೆ. ಊಟಕ್ಕೆ ಮೊದಲು, ಶೌಚಕ್ಕೆ ಹೋಗಿ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಏನು ಕೊಟ್ಟರೂ ಕುಡಿಯದಿದ್ದರೆ, ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಕುಡಿಸುತ್ತಲೇ ಇರಿ.

ಮಗು ನೀರು ಕೇಳುತ್ತಿರುವಾಗಲೇ ಕೊಡಿ.