ಗುರುವಾರದ ಸರದಿ

ಮೆಟ್ಟಿಲಲ್ಲಿ ಯಾರದಾದರೂ ಹೆಜ್ಜೆ ಸದ್ದು ಕೇಳಿದರೆ ತಾನು ಮನೆಯಿಂದ ಹೊರಗೆ ಕಾಲಿಡುವುದಿಲ್ಲ ಎಂಬುದನ್ನು ಟೀರಾ ಯಾರಿಗೂ ಹೇಳಿರಲಿಲ್ಲ, ದಿನಚರಿಗೆ ಮಾತ್ರ ಹೇಳಿಕೊಂಡಿದ್ದಳು. ಕೋಟು ತೊಟ್ಟು, ಬೂಟು ಕಟ್ಟಿ, ಚೀಲವನ್ನು ಹೆಗಲಿಗೇರಿಸಿ, ಬಾಗಿಲಿನ ಇಣುಕುಕಿಂಡಿಗೆ ಕಣ್ಣು ಹಚ್ಚಿ ನಿಲ್ಲುವಳು. ಹೆಜ್ಜೆ ಇಳಿದುಹೋಗಿ, ಕೆಳಗಿನ ದೊಡ್ಡ ಬಾಗಿಲು ದಡ್ಡೆಂದು ಮುಚ್ಚಿಕೊಂಡ ಮೇಲೆಯೇ ಚಿಲಕ ತೆಗೆಯುವಳು. ‘ಇವತ್ತೂ ಹಾಗೇ ಮಾಡಿದೆ’ ಎಂದು ಆ ಬೆಳಿಗ್ಗೆ ಬರೆದಳು. ‘ಯಾರಾದರೂ ಎದುರು ಸಿಕ್ಕಿದ್ದರೆ ಏನಾಗುತ್ತಿತ್ತು? ಹೇಯ್ ಅನ್ನಬೇಕಿತ್ತು, ಅಷ್ಟೆ. ಅಷ್ಟಕ್ಕೇ ಗಂಟಲು ಯಾಕೆ ಒಣಗುತ್ತದೆ? ಹೀಗೇ ಇದ್ದರೆ ನನ್ನ ದನಿ ಹೇಗಿದೆ ಎಂಬುದೇ ಒಂದು ದಿನ ನನಗೆ ಮರೆತುಹೋದೀತು.’

ನೋರ್‌ಶೋಪಿಂಗ್ ಎಂಬ ಊರಿನ ಆ ಹಳದಿ ಇಟ್ಟಿಗೆಯ ಕಟ್ಟಡದಲ್ಲಿ ಇದನ್ನು ರೋಗ ಎಂದು ಯಾರೂ ಕರೆಯುತ್ತಿರಲಿಲ್ಲ. ಎದುರು ಮನೆಯ ಕಿಂಡಿಯ ಹಿಂದೆಯೂ ಒಮ್ಮೊಮ್ಮೆ ನೆರಳಾಡುವುದು ಅವಳಿಗೆ ಗೊತ್ತಿತ್ತು. ಪದವಿ ಮುಗಿಸಿ, ಯಂತ್ರಗಳ ಕೈಪಿಡಿಗಳ ಕಾಗುಣಿತ ತಿದ್ದುವ ಕೆಲಸವನ್ನು ಮನೆಯಿಂದಲೇ ಮಾಡಿಕೊಂಡಿದ್ದ ಅವಳಂಥವಳಿಗೆ ಹೇಳಿ ಮಾಡಿಸಿದ ಜಾಗ ಅದು. ಮಾತಾಡಲೇಬೇಕಾದ ಸಂಗತಿ ಬಂದರೆ ಅಲ್ಲಿನ ಜನ ಚೀಟಿ ಬರೆದು ಅಂಟಿಸುತ್ತಿದ್ದರು. ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ಕೋಣೆಯ ಬಾಗಿಲಂತೂ ಚೀಟಿಗಳಿಂದ ತುಂಬಿಹೋಗಿತ್ತು. ಇಡೀ ಕಟ್ಟಡಕ್ಕೆ ಅದೊಂದೇ ಕೋಣೆ, ಎರಡೇ ಯಂತ್ರ. ಹಾಗಾಗಿ ಅಲ್ಲಿ ಎರಡು ಕಟ್ಟಳೆ. ಪರರ ಬಟ್ಟೆ ಮುಟ್ಟಕೂಡದು. ಪರರ ಸರದಿಗೆ ಕೈ ಹಾಕಕೂಡದು. ಗಂಡ ಹೆಂಡಿರು ಬೇರೆಯಾದರೆ ಕಟ್ಟಡ ತುಟಿಪಿಟಕ್ಕೆನ್ನದು. ಸರದಿ ತಪ್ಪಿದರೆ ಮಾತ್ರ ಸಂಜೆಯೊಳಗೆ ಚೀಟಿ ಬಿದ್ದಿರುತ್ತದೆ. ಕೊನೆಯಲ್ಲಿ ನಗುಮುಖ ಬಿಡಿಸಿದ ಚೀಟಿಯೇ ಎಲ್ಲಕ್ಕಿಂತ ಹೆಚ್ಚು ಸಿಟ್ಟಿನದು.

ಆ ವಸಂತದಲ್ಲಿ ಚೀಟಿಗಳೆಲ್ಲ ಒಬ್ಬರ ಕಡೆಗೇ ಬೊಟ್ಟು ಮಾಡುತ್ತಿದ್ದವು. ಮೊದಲನೆಯ ಮಹಡಿಯ ಮೈಬ್ರಿಟ್, ಊರಿನ ಟ್ರಾಮ್ ಓಡಿಸಿ ನಿವೃತ್ತಳಾದ ಅಜ್ಜಿ. ಪ್ರತಿ ಗುರುವಾರ ಸಂಜೆ ಬುಟ್ಟಿ ಹೊತ್ತು ಕೆಳಗಿಳಿಯುವಳು. ಅದೇ ಹೊತ್ತಿಗೆ ಅವಳಿಮಕ್ಕಳ ತಾಯಿ ಪೆರ್ನಿಲ್ಲಾ ಕೂಡ ಬುಟ್ಟಿ ಹೊತ್ತು ಇಳಿಯುವಳು. ಸರದಿ ತನ್ನದೆಂದು ಇಬ್ಬರೂ ಹೇಳುವರು. ಪೆರ್ನಿಲ್ಲಾಳ ಫೋನಿನ ಸರದಿ ಪಟ್ಟಿಯಲ್ಲಿ ಅವಳದೇ ಹೆಸರು. ಫೋನಿನಲ್ಲಿ ಬುಕ್ ಮಾಡದ ಮೈಬ್ರಿಟ್, ಒಗೆಯುವ ಕೋಣೆಯ ಮೂಲೆಯ ಹಳೆಯ ಕಂಪ್ಯೂಟರನ್ನು ತೋರಿಸುವಳು. ಅದನ್ನು ತಿರುಗಿ ನೋಡುವ ಶ್ರಮವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಸಂಜೆ ಅಜ್ಜಿಯ ಒದ್ದೆ ಹಾಸುಬಟ್ಟೆಗಳನ್ನು ಯಾರೋ ಯಂತ್ರದಿಂದ ಎಳೆದು ಹೊರಗಿನ ನೆಲದ ಮೇಲೆ ಇಟ್ಟಿದ್ದರು. ಆ ಕಟ್ಟಡದಲ್ಲಿ ಅದು ಕಪಾಳಕ್ಕೆ ಹೊಡೆದಷ್ಟೇ ದೊಡ್ಡ ಸಂಗತಿ. ಆಮೇಲೆ ನಿವಾಸಿಗಳ ಸಂಘದ ಅಧ್ಯಕ್ಷ ರುಟ್ಗರ್ ಎಲ್ಲರಿಗೂ ಒಂದು ಸುತ್ತೋಲೆ ಕಳಿಸಿದ. ಪದೇಪದೇ ಸರದಿ ಮೀರುವವರಿಂದ ಕೋಣೆಯ ಕೀಲಿಯನ್ನು ಬೇಸಿಗೆ ಮುಗಿಯುವವರೆಗೆ ಹಿಂದಕ್ಕೆ ಪಡೆಯಲಾಗುವುದು. ಎಲ್ಲರೂ ಸೇರಿ ಅಂಗಳ ಗುಡಿಸುವ ಶನಿವಾರ ಅದರ ನಿರ್ಧಾರ. ಹೆಸರು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ.

ಟೀರಾ ಅದನ್ನು ಓದಿ ಮಡಚಿಟ್ಟಿದ್ದಳು. ತನಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿದ್ದಳು.

ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ತರಲೆಂದು ಅವಳು ನೆಲಮಾಳಿಗೆಗೆ ಇಳಿದ ದಿನ ಒಗೆಯುವ ಕೋಣೆಯಿಂದ ಗೊಣಗಾಟ ಕೇಳಿಸಿತು. ಹಿಂದಕ್ಕೆ ಹೋಗೋಣವೆಂದರೆ ಮೆಟ್ಟಿಲಿಗೆ ಆ ಬಾಗಿಲನ್ನು ದಾಟಿಯೇ ಹೋಗಬೇಕು. ತನ್ನ ಉಗ್ರಾಣದ ಜಾಲರಿಯ ಹಿಂದೆ ಪಂಪನ್ನು ತಬ್ಬಿಕೊಂಡು ನಿಂತಳು.

“ಅಲ್ಲಿ ಉಸಿರು ಬಿಗಿಹಿಡ್ಕೊಂಡು ನಿಂತಿರೋದು ಯಾರು?” ಎಂದಳು ಮೈಬ್ರಿಟ್. “ಈಚೆ ಬಾ. ನಾನೇನು ತಿನ್ನಲ್ಲ, ಹೊಸ ಹಲ್ಲು ಇನ್ನೂ ಕೂತಿಲ್ಲ.”

ಟೀರಾ ಬಂದಳು. ಮುಖ ಕಾದಿತ್ತು.

“ಎರಡನೇ ಮಹಡಿ ಹುಡುಗಿ. ಬಾಗಿಲ ಮೇಲೆ ನಿನ್ನ ಹೆಸರು ಓದಿದೀನಿ, ನಿನ್ನನ್ನ ಮಾತ್ರ ಕಂಡಿಲ್ಲ. ನೋಡು ಮಗು, ನಿನ್ನ ಕಣ್ಣು ಎಳೇದು. ಗುರುವಾರ ಸಂಜೆ ಇಲ್ಲಿ ಯಾರ ಹೆಸರಿದೆ?”

ಕಂಪ್ಯೂಟರಿನ ಪರದೆಯಲ್ಲಿ ವಾರದ ಪಟ್ಟಿ. ಗುರುವಾರದ ಹಸಿರು ಚೌಕದಲ್ಲಿ ಮೈಬ್ರಿಟ್‌ಳ ಹೆಸರು ಸ್ಪಷ್ಟವಾಗಿತ್ತು.

“ನಿಮ್ಮದು,” ಎಂದಳು ಟೀರಾ.

ಅಜ್ಜಿ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಆಮೇಲೆ ಅವಳು ಹೇಳಿದ್ದನ್ನು ಟೀರಾ ತಲೆ ತಗ್ಗಿಸಿ ಕೇಳಿಕೊಂಡಳು. ಮಗಳು ಆನೆಲೀಗೆ ಪೆರ್ನಿಲ್ಲಾ ಫೋನ್ ಮಾಡಿದ್ದಳಂತೆ, ಬಹಳ ಅಕ್ಕರೆಯ ದನಿಯಲ್ಲಿ, ಅಮ್ಮನಿಗೆ ಈಚೆಗೆ ಮರೆವು ಜಾಸ್ತಿಯಾಗಿದೆಯೇ ಎಂದು. ಮಂಗಳವಾರ ನೆನಪಿನ ಪರೀಕ್ಷೆಗೆ ಡಾಕ್ಟರ ಬಳಿ ಹೋಗಬೇಕಂತೆ. ಗಡಿಯಾರದ ಚಿತ್ರ ಬರೆಸುತ್ತಾರಂತೆ. ಜೀವಮಾನವೆಲ್ಲ ನಿಮಿಷ ಹಿಡಿದು ಟ್ರಾಮ್ ಓಡಿಸಿದವಳ ಕೈಯಲ್ಲಿ ಗಡಿಯಾರ ಬರೆಸುವುದು.

“ಪರೀಕ್ಷೆಗೆ ಹೆದರಲ್ಲ ನಾನು,” ಎಂದಳು. “ಆದ್ರೆ ದಿನಾ ಎಲ್ರೂ ಹಾಗೇ ನೋಡ್ತಿದ್ರೆ, ಇರಬಹುದೇನೋ ಅಂತ ನಮಗೇ ಅನ್ನಿಸೋಕೆ ಶುರುವಾಗ್ತದೆ. ಈ ಹೆಸರು ನಾನು ಕಂಡಿದ್ದೋ, ಕಂಡ ಹಾಗೆ ಅನ್ಕೊಂಡಿದ್ದೋ.”

ಟೀರಾ ತನ್ನ ಫೋನು ತೆಗೆದು ಅದೇ ಪಟ್ಟಿಯನ್ನು ತೆರೆದಳು. ಗುರುವಾರ ಸಂಜೆ: ಪೆರ್ನಿಲ್ಲಾ.

ಒಂದೇ ವಾರ, ಒಂದೇ ಚೌಕ, ಎರಡು ಹೆಸರು. ಅವಳಿಗೆ ಮೈ ಜುಮ್ಮೆಂದಿತು. ಮನುಷ್ಯರೊಂದಿಗೆ ತೊದಲುವ ಅವಳಿಗೆ ಯಂತ್ರದ ಜೊತೆ ಅಂಥ ಅಳುಕಿರಲಿಲ್ಲ. ಓದುವ ಕಾಲದಲ್ಲಿ ಒಂದು ಮುದಿ ಲ್ಯಾಪ್‌ಟಾಪನ್ನು ಪದವಿಯವರೆಗೂ ಕೈಹಿಡಿದು ನಡೆಸಿಕೊಂಡು ಬಂದವಳು. ಅಜ್ಜಿಯ ಪಕ್ಕದಲ್ಲಿ ಕುಳಿತು ಮೌಸ್ ಹಿಡಿದಳು.

ಮೊದಲು ಕಂಪ್ಯೂಟರಿನ ತಾರೀಖು, ಗಂಟೆ ನೋಡಿದಳು. ಹಳೆಯ ಯಂತ್ರಗಳಲ್ಲಿ ಅದು ತಪ್ಪಿದ್ದರೆ ಬ್ರೌಸರು ಯಾವ ಜಾಲತಾಣವನ್ನೂ ನಂಬುವುದಿಲ್ಲ. ಅದು ಸರಿಯಾಗಿತ್ತು. ಪುಟವನ್ನು ಹೊಸದಾಗಿ ಎಳೆದಳು. ಅದೇ ಪಟ್ಟಿ ಬಂತು, ಬರಬೇಕಾದುದಕ್ಕಿಂತ ಬೇಗ ಬಂತು. ಹವಾಮಾನದ ಪುಟ ತೆರೆಯಿತು, ಬ್ಯಾಂಕಿನದು ತೆರೆಯಲಿಲ್ಲ. ಇನ್ನೊಂದು ಬ್ರೌಸರಿನಲ್ಲಿ ಸರದಿ ಪಟ್ಟಿಯೇ ಬರಲಿಲ್ಲ. ‘ಈ ಜಾಲತಾಣದೊಂದಿಗೆ ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ’ ಎಂಬ ಬಿಳಿ ಪುಟ. ಫೋನು ಅದೇ ಕೋಣೆಯ ವೈಫೈಯಲ್ಲೇ ಇತ್ತು, ಅದರಲ್ಲಿ ಎಲ್ಲವೂ ಬರುತ್ತಿತ್ತು. ಅಂದಮೇಲೆ ತೊಂದರೆ ದಾರಿಯಲ್ಲಿಲ್ಲ, ಬ್ರೌಸರಿನಲ್ಲೂ ಇಲ್ಲ. ಈ ಪೆಟ್ಟಿಗೆಯೊಳಗೆ ನಡುವೆ ಯಾರೋ ಕೂತಿದ್ದಾರೆ.

ಅಷ್ಟರಲ್ಲಿ ಪರದೆಯ ಮೂಲೆಯಿಂದ ಗುರಾಣಿಯ ಗುರುತಿನ ಪುಟ್ಟ ಚೌಕವೊಂದು ಮೇಲೆದ್ದಿತು. ‘ನಿಮ್ಮನ್ನು ರಕ್ಷಿಸಲಾಗಿದೆ.’ ಮೈಬ್ರಿಟ್ ಕೈ ಚಾಚಿ ‘ಸರಿ’ ಎಂಬಲ್ಲಿ ಒತ್ತಿದಳು.

“ಅದು ಬರ್ತಾನೇ ಇರ್ತದೆ. ಬಂದಾಗಲೆಲ್ಲ ಸರಿ ಅಂತ ಒತ್ತಿ ಮುಚ್ಚು, ಮೈಬ್ರಿಟ್, ಅಂತ ರುಟ್ಗರ್ ಹೇಳಿಕೊಟ್ಟಿದಾನೆ.”

ಟೀರಾ ಆ ಗುರಾಣಿಯನ್ನೇ ತೆರೆದಳು. ರುಟ್ಗರ್ ಹೆಮ್ಮೆಯಿಂದ ಹಾಕಿಸಿದ ಆಂಟಿವೈರಸ್ ಅದು. ತಯಾರಿಸಿದವರು ಇಂಥ ಹಳೆಯ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ಕೊಡುವುದನ್ನು ಎಂದೋ ನಿಲ್ಲಿಸಿದ್ದರು. ಆದರೂ ಅದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿತ್ತು. ಬ್ರೌಸರು ಹೊರಗೆ ಕಳಿಸುವ ಪ್ರತಿಯೊಂದನ್ನೂ ನಡುವೆ ತಡೆದು, ಬಿಚ್ಚಿ ಓದಿ, ತನ್ನ ಮುದ್ರೆ ಒತ್ತಿ ಮುಂದಕ್ಕೆ ಬಿಡುವುದು ಅದರ ಕೆಲಸ. ತಡೆದವುಗಳ ಪಟ್ಟಿಯಲ್ಲಿ, ಈಗಷ್ಟೇ ತಡೆದ ಬ್ಯಾಂಕಿನದನ್ನು ಬಿಟ್ಟರೆ, ಉದ್ದಕ್ಕೂ ಇದ್ದದ್ದು ಒಂದೇ ವಿಳಾಸ, ಸರದಿ ಬುಕ್ ಮಾಡುವ ಪುಟದ್ದು. ಟೀರಾ ವೆಬ್ ಕಾವಲನ್ನು ಹತ್ತು ನಿಮಿಷದ ಮಟ್ಟಿಗೆ ನಿಲ್ಲಿಸಿ ಪುಟವನ್ನು ಮತ್ತೆ ಎಳೆದಳು.

ಪರದೆ ಬೆಳ್ಳಗಾಯಿತು. ಪಟ್ಟಿ ನಿಧಾನವಾಗಿ ಮೂಡಿತು. ಗುರುವಾರದ ಚೌಕದಲ್ಲಿ ಪೆರ್ನಿಲ್ಲಾಳ ಹೆಸರಿತ್ತು. ಮೈಬ್ರಿಟ್‌ಳ ಹೆಸರು ಎಲ್ಲೂ ಇರಲಿಲ್ಲ. ಹಿಂದಿನ ವಾರಗಳಲ್ಲೂ ಇರಲಿಲ್ಲ, ಅದರ ಹಿಂದಿನ ತಿಂಗಳಲ್ಲೂ ಇರಲಿಲ್ಲ.

ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. “ಹಾಗಾದ್ರೆ ನಾನು ಇಲ್ಲೇ ಇಲ್ಲ,” ಎಂದಳು ಮೆಲ್ಲಗೆ.

ಟೀರಾ ವಿವರಿಸಿದಳು. ಮಾತು ಮೊದಮೊದಲು ಎಡವಿದರೂ ಆಮೇಲೆ ಸಾಗಿತು. ಚಳಿಗಾಲದಲ್ಲಿ ಬುಕಿಂಗ್ ಪುಟದವರು ತಮ್ಮ ಬೀಗ ಬದಲಿಸಿ ಬಲವಾದದ್ದನ್ನು ಹಾಕಿರಬೇಕು. ಆ ಬೀಗದ ಗುರುತು ಈ ಮುದಿ ಕಾವಲುಗಾರನಿಗಿಲ್ಲ. ಹಾಗಾಗಿ ಆ ಕಡೆ ಹೋಗುವುದನ್ನೆಲ್ಲ ಅಪಾಯವೆಂದು ನಿಲ್ಲಿಸಿದ್ದಾನೆ. ಆಚೆಯಿಂದ ಏನೂ ಸಿಗದ ಬ್ರೌಸರು, ತನ್ನ ಮಡಿಲಲ್ಲಿ ಉಳಿದಿದ್ದ ಹಳೆಯ ಪಟ್ಟಿಯನ್ನೇ ತೋರಿಸುತ್ತಾ ಬಂದಿದೆ. ಮೈಬ್ರಿಟ್ ಒತ್ತಿದಾಗಲೆಲ್ಲ ಅವಳ ಹೆಸರು ಬರೆದುಕೊಂಡು, ದಾರಿ ಬಿಟ್ಟಾಗ ಕಳಿಸೋಣವೆಂದು ಇಟ್ಟುಕೊಂಡಿದೆ. ದಾರಿ ಬಿಡಲೇ ಇಲ್ಲ. ಆ ಹೆಸರು ಇಷ್ಟು ದಿನ ಈ ಒಂದು ಪರದೆಯಲ್ಲಿ ಮಾತ್ರ ಇತ್ತು.

“ಅಂದ್ರೆ ನನ್ನ ತಲೆ ಸರಿ ಇದೆ.”

“ಸರಿ ಇದೆ,” ಎಂದಳು ಟೀರಾ.

ಮೈಬ್ರಿಟ್ ಸ್ಟೂಲನ್ನು ಅವಳತ್ತ ತಿರುಗಿಸಿಕೊಂಡಳು. “ಇದನ್ನ ಅವರಿಗೆ ನೀನು ಹೇಳ್ತೀಯಾ? ನಾನು ಹೇಳಿದ್ರೆ ಮುದುಕಿ ನೆಪ ಹೇಳ್ತಾಳೆ ಅಂತಾರೆ.”

ಟೀರಾ ಹ್ಞೂಗುಟ್ಟಿದಳು. ಒಣಗಿಸುವ ಯಂತ್ರದ ಸದ್ದಿನಲ್ಲಿ ಅದು ಅಜ್ಜಿಗೆ ಕೇಳಿಸಿತೋ ಇಲ್ಲವೋ. ಕಾವಲನ್ನು ಮತ್ತೆ ಎಬ್ಬಿಸಿ ಎದ್ದಳು. ಅಷ್ಟು ಹಳೆಯ ಕಂಪ್ಯೂಟರನ್ನು ಕಾವಲಿಲ್ಲದೆ ಬಿಟ್ಟರೆ ಬೀದಿಯಲ್ಲಿ ಹೋಗುವವರೆಲ್ಲ ಒಳನುಗ್ಗಬಹುದು. ಕಾವಲು ಇದ್ದರೆ ದಾರಿಯಿಲ್ಲ, ದಾರಿ ಬಿಟ್ಟರೆ ಕಾವಲಿಲ್ಲ. ಅದರ ಕಾಲ ಮುಗಿದಿತ್ತು. ಬುಧವಾರದ ಖಾಲಿ ಸರದಿಯೊಂದನ್ನು ತನ್ನ ಫೋನಿನಿಂದಲೇ ಮೈಬ್ರಿಟ್‌ಳ ಹೆಸರಿಗೆ ಹಾಕಿಕೊಟ್ಟಳು.

ಮನೆಗೆ ಬಂದು ರುಟ್ಗರನಿಗೆ ಎಲ್ಲವನ್ನೂ ಬರೆದು ಕಳಿಸಿದಳು. ಬರೆಯುವುದರಲ್ಲಿ ಅವಳಿಗೆ ಭಯವಿರಲಿಲ್ಲ. ಉತ್ತರ ಬೇಗ ಬಂತು, ಸೌಜನ್ಯದಿಂದ ಕೂಡಿತ್ತು. ಆ ಕಂಪ್ಯೂಟರಿಗೆ ಇಷ್ಟು ವರ್ಷದಲ್ಲಿ ಒಂದು ವೈರಸ್ ಕೂಡ ನುಸುಳಿಲ್ಲ ಎಂಬುದನ್ನು ಮರೆಯಬಾರದು. ಆದರೂ ಹೊಸದನ್ನು ತರಿಸೋಣ. ಕೀಲಿಯ ವಿಚಾರವನ್ನು ಸದ್ಯಕ್ಕೆ ಮುಂದೂಡಲಾಗಿದೆ. ‘ಸದ್ಯಕ್ಕೆ’ ಎಂಬ ಪದದ ಮೇಲೆ ಟೀರಾಳ ಕಣ್ಣು ನಿಂತಿತು. ದಿನಕ್ಕೆ ನೂರಾರು ಪದಗಳನ್ನು ತಿದ್ದುವವಳು. ಅದನ್ನು ತಿದ್ದಲು ಬರುವಂತಿರಲಿಲ್ಲ. ‘ನಾನು ಹೇಳಿಯಾಯಿತು’ ಎಂದು ದಿನಚರಿಯಲ್ಲಿ ಬರೆದಳು. ಸ್ವಲ್ಪ ಹೊತ್ತು ಬಿಟ್ಟು ‘ಹೇಳಿಲ್ಲ, ಬರೆದೆ’ ಎಂದು ಕೆಳಗೆ ಸೇರಿಸಿದಳು.

ಶನಿವಾರ ಬಿಸಿಲಿತ್ತು. ಕಟ್ಟಡದವರೆಲ್ಲ ಎಲೆ ಬಾಚುವ ಉದ್ದ ಹಿಡಿಯ ಕುಂಟೆ ಹಿಡಿದು ಅಂಗಳದಲ್ಲಿ ಹೋದ ವರ್ಷದ ಎಲೆಗಳನ್ನು ಗುಡ್ಡೆ ಹಾಕುತ್ತಿದ್ದರು. ಟೀರಾ ಪ್ರತಿಸಲ ಎಲ್ಲರಿಗಿಂತ ಮೊದಲು ಇಳಿದು, ತನ್ನ ಪಾಲಿನ ಮೂಲೆ ಗುಡಿಸಿ, ಕಾಫಿಗೆ ಮುಂಚೆ ಮೇಲೇರಿಬಿಡುತ್ತಿದ್ದಳು. ಈ ಸಲ ಉಳಿದಳು. ಮೇಜಿನ ಮೇಲೆ ಕಾಫಿಯ ಥರ್ಮಾಸುಗಳು, ದಾಲ್ಚಿನ್ನಿ ಬನ್ನುಗಳು. ಮೈಬ್ರಿಟ್ ಲೈಲಾಕ್ ಹೂವಿನ ಪೊದೆಯ ಬಳಿ ಸ್ವಲ್ಪ ದೂರವೇ ನಿಂತಿದ್ದಳು. ಕೈಯಲ್ಲಿ ಮನೆಯಿಂದ ತಂದ ತನ್ನದೇ ಲೋಟ. ಸಹಾಯಕ್ಕೆಂದು ಬಂದ ಮಗಳು ಆನೆಲೀ ಪಕ್ಕದಲ್ಲಿದ್ದಳು.

ರುಟ್ಗರ್ ಗಂಟಲು ಸರಿಪಡಿಸಿಕೊಂಡ. ಒಗೆಯುವ ಕೋಣೆಯ ಕಂಪ್ಯೂಟರಿನಲ್ಲಿ ಸಣ್ಣದೊಂದು ತಾಂತ್ರಿಕ ತೊಂದರೆ ಕಂಡುಬಂದಿದೆ, ಕೆಲವು ತಪ್ಪು ತಿಳಿವಳಿಕೆಗಳು ಆಗಿರಬಹುದು, ಯಾರದೂ ತಪ್ಪಿಲ್ಲ, ಎಲ್ಲರೂ ಮುಂದಕ್ಕೆ ನೋಡೋಣ ಎಂದ. ಎಲ್ಲರ ಮುಖದಲ್ಲೂ ನಿರಾಳ ಕಂಡಿತು. ಮುಂದಕ್ಕೆ ನೋಡುವುದು ಅವರಿಗೆಲ್ಲ ಇಷ್ಟವಾದ ಕೆಲಸ. ಹಾಗಾದರೆ ಈ ಬೇಸಿಗೆಯಾದರೂ ತನ್ನ ಮಕ್ಕಳ ಚಡ್ಡಿ ಒಣಗೀತು ಎಂದು ಪೆರ್ನಿಲ್ಲಾ ನಗೆಯಾಡಿದಳು. ಜನ ನಕ್ಕರು. ಬನ್ನಿನ ತಟ್ಟೆ ಕೈಯಿಂದ ಕೈಗೆ ಹೊರಟಿತು.

ಕಂಪ್ಯೂಟರಿನ ವಿಚಾರವನ್ನು ಮೈಬ್ರಿಟ್ ಮಗಳಿಗೆ ಮತ್ತೊಮ್ಮೆ ಹೇಳುತ್ತಿದ್ದುದು ಟೀರಾ ನಿಂತಲ್ಲಿಗೆ ಕೇಳಿಸುತ್ತಿತ್ತು. ಆನೆಲೀ ತಾಯಿಯ ತೋಳು ಸವರಿದಳು.

“ಇರಲಿ ಬಿಡಮ್ಮ. ಆದ್ರೂ ಮಂಗಳವಾರ ಹೋಗಿ ಬರೋಣ. ನೋಡಿಸಿದ್ರೆ ನಷ್ಟವೇನು?”

ಅಜ್ಜಿ ಸಕ್ಕರೆ ಹಾಕದ ಕಾಫಿಯನ್ನು ಚಮಚದಲ್ಲಿ ಸುಮ್ಮನೆ ತಿರುವುತ್ತಾ ನಿಂತಳು. ಆ ಚಮಚ ಸುತ್ತುವುದನ್ನು ನೋಡುತ್ತಾ ಟೀರಾ ಏನೋ ಅಂದಳು. ಯಾರಿಗೂ ಕೇಳಿಸಲಿಲ್ಲ. ಕೈಯಲ್ಲಿದ್ದ ಕುಂಟೆಯನ್ನು ಗೋಡೆಗೆ ಒರಗಿಸಲು ಹೋದಳು. ಅದು ಜಾರಿ ಕಲ್ಲಿನ ಮೇಲೆ ಬಿದ್ದು, ಅಂಗಳವೆಲ್ಲ ಅವಳತ್ತ ತಿರುಗಿತು.

“ಟೀರಾ ಏನೋ ಹೇಳಿದ ಹಾಗಿತ್ತು,” ಎಂದ ರುಟ್ಗರ್.

ಗಂಟಲು ಒಣಗಿತ್ತು. ಒಣಗಿದ ಗಂಟಲಿನಿಂದಲೇ ದನಿ ಹೊರಟಿತು, ಅವಳ ನೆನಪಿನಲ್ಲಿದ್ದುದಕ್ಕಿಂತ ದಪ್ಪಗಿತ್ತು.

“ಮೈಬ್ರಿಟ್ ಬೇಕಂತ ಯಾರ ಸರದಿಗೂ ಕೈ ಹಾಕಿಲ್ಲ. ಅವರು ಕಂಡಿದ್ದನ್ನೇ ಹೇಳಿದ್ರು, ಅದನ್ನ ನನ್ನ ಕಣ್ಣಾರೆ ನೋಡಿದೀನಿ. ಎದ್ದುಹೋಗಿ ಆ ಪರದೆ ನೋಡಬಹುದಿತ್ತು, ಇಲ್ಲಾ ಅವರ ಬಾಗಿಲು ತಟ್ಟಿ ಕೇಳಬಹುದಿತ್ತು. ನಾನೂ ಸೇರಿ, ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.”