ಸೋಡಾ ಗ್ಯಾಸು ಕುಡಿದ ಗಿಡಗಳು

ನಬೀ ಸಾಬರ ಗೋಲಿ ಸೋಡಾ ಕುಡಿಯದೆ ಚಳ್ಳಕೆರೆ ಸಂತೆ ಮುಗಿಸಿದವರಿಲ್ಲ ಅನ್ನುವ ಕಾಲವೊಂದಿತ್ತು. ಸಾಬರು ಯಂತ್ರ ತಿರುಗಿಸುತ್ತಿದ್ದರು, ಹೆಂಡತಿ ಮದರ್ ಬೀ ಬಾಟಲಿ ತೊಳೆಯುತ್ತಿದ್ದಳು. ಸೈಕಲ್ಲಿಗೆ ಮರದ ಪೆಟ್ಟಿಗೆ ಬಿಗಿದು ತಳಕು ಊರಿನವರೆಗೂ ಹೋಗಿ ಸಾಬರೇ ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ಆಮೇಲೆ ಕಂಪನಿ ಬಾಟಲಿಗಳು ಬಂದವು. ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಅಂಗಡಿ ಮುಚ್ಚಿತು, ಯಂತ್ರ ಗುಜರಿಗೆ ಹೋಯಿತು. ಗ್ಯಾಸಿನ ಸಿಲಿಂಡರ್ ಕೊಡಲು ಮಾತ್ರ ಸಾಬರಿಗೆ ಮನಸ್ಸಾಗಲಿಲ್ಲ. ಉಳಿದ ಗ್ಯಾಸಿನ ಸಮೇತ ಗೋಣಿತಾಟು ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿದ್ದರು.

ಪಕ್ಕದ ಮನೆಯ ಗೀತಮ್ಮ ಆಸ್ಪತ್ರೆಯಲ್ಲಿ ನರ್ಸು. ಮೊಳಕಾಲ್ಮುರಿನ ತವರಿನಲ್ಲಿ ಬಾವಿಕಟ್ಟೆಗೆ ಒರಗಿ, ನೀರೊಳಗಿನ ಹಸಿರಲ್ಲಿ ಮೀನಾಡುವುದನ್ನು ನೋಡುತ್ತಾ ಬೆಳೆದವಳು. ಆ ಬಾವಿಯನ್ನು ಮುಚ್ಚಿದ ಮೇಲೆ, ಅಂಥದೇ ಹಸಿರು ಮನೆಯೊಳಗಿರಲಿ ಅಂತ ಗಾಜಿನ ತೊಟ್ಟಿ ತರಿಸಿದ್ದಳು. ಮೀನೇನೋ ಬದುಕಿದವು. ಗಿಡಗಳು ಮಾತ್ರ ಹಳದಿಗಟ್ಟಿ ಕರಗುತ್ತಿದ್ದವು.

"ಸಾಬ್ರೆ, ನೀರಾಗಿನ ಗಿಡಕ್ಕೆ ಇಂಗಾಲದ ಗಾಳಿ ಬೇಕಂತೆ, ಪುಸ್ತಕದಾಗೆ ಓದಿದೆ. ನಿಮ್ಮ ಸೋಡಾ ಗ್ಯಾಸೂ ಅದೇ ಅಲ್ವೇನ್ರಿ?"

"ಅದೇ ಐತಮ್ಮ. ಆದ್ರೆ ನಾನು ಬಾಟ್ಲಿಗೆ ತುಂಬಿದೀನಿ, ಗಿಡಕ್ಕೆ ಕುಡಿಸಿಲ್ಲ."

ಅವತ್ತೇ ಸಾಬರು ಸಿಲಿಂಡರನ್ನು ಗೀತಮ್ಮನ ಮನೆಗೆ ಉರುಳಿಸಿಕೊಂಡು ಹೋದರು. ಒತ್ತಡ ತಗ್ಗಿಸುವ ರೆಗ್ಯುಲೇಟರಿಗೆ ನಳಿಗೆ ಸಿಕ್ಕಿಸಿ, ಇನ್ನೊಂದು ತುದಿ ನೀರಿಗೆ ಬಿಟ್ಟು ತಿರುವಿದರು. ತೊಟ್ಟಿ ಬುಳುಬುಳು ಅಂದಿತು. ಎಷ್ಟೋ ದಿನದ ಮೇಲೆ ಆ ಸದ್ದು ಕೇಳಿ ಸಾಬರ ಮುಖ ಅರಳಿತು.

ಚಹಾ ಕುಡಿದು ಬರುವಷ್ಟರಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಗೀತಮ್ಮ ಗ್ಯಾಸು ನಿಲ್ಲಿಸಿ ಕೊಡದಿಂದ ಹೊಸ ನೀರು ಸುರಿದಳು. ಎರಡು ಮೀನು ಉಳಿಯಲಿಲ್ಲ. ಸಾಬರು ಮನೆಗೆ ಬಂದು ಕೂತರು. ತಮ್ಮ ಕೈಯಿಂದ ಹೀಗಾಯಿತಲ್ಲ ಅಂತ ಊಟವೂ ಸೇರಲಿಲ್ಲ.

ಮಾರನೆ ದಿನ ಗೀತಮ್ಮನೇ ಬಾಗಿಲಿಗೆ ಬಂದಳು. ಕೈಯಲ್ಲಿ ಗ್ಲೂಕೋಸ್ ಹಾಕುವ ಹೊಸ ನಳಿಗೆ.

"ಆತುರ ಇಬ್ಬರದೂ ಐತೆ, ನಿಮ್ಮೊಬ್ಬರದೇ ಅಲ್ಲ. ರೋಗಿಗೆ ಬಾಟ್ಲಿ ಪೂರ್ತಿ ಒಮ್ಮೆಗೇ ಏರಿಸ್ತೀವೇನ್ರಿ? ಹನಿಹನಿ ಬಿಡ್ತೀವಿ. ಇದಕ್ಕೂ ಹಂಗೇ ಮಾಡೋಣ, ಬನ್ನಿ."

ಸಾಬರು ಸಿಲಿಂಡರಿನ ಕಡೆ ನಿಂತರು, ಗೀತಮ್ಮ ನಳಿಗೆಯಲ್ಲಿ ಹನಿ ಹೆಚ್ಚುಕಡಿಮೆ ಮಾಡುವ ಪುಟ್ಟ ಗಾಲಿ ಹಿಡಿದಳು. ಒಬ್ಬರು ತಗ್ಗಿಸಿ, ಒಬ್ಬರು ಬಿಗಿಸಿ, ಕೊನೆಗೆ ಗುಳ್ಳೆಗಳು ಒಂದರ ಹಿಂದೊಂದು ನಿಧಾನಕ್ಕೆ ಏಳತೊಡಗಿದವು. ಬೆಳಕಿದ್ದಾಗ ಮಾತ್ರ ಬಿಡುವುದು, ತೊಟ್ಟಿಯ ಮೇಲಿನ ಟ್ಯೂಬ್‌ಲೈಟ್ ಆರಿಸಿದಾಗ ನಿಲ್ಲಿಸುವುದು ಅಂತ ಮಾಡಿಕೊಂಡರು. ಮೀನುಗಳು ಈ ಸಲ ಮೇಲಕ್ಕೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ತೊಟ್ಟಿ ತುಂಬ ಹಸಿರು. ಮದರ್ ಬೀ ನೋಡಲು ಬಂದಳು. ಎಲೆಎಲೆಗೂ ಸಣ್ಣ ಗುಳ್ಳೆಗಳು ಕಟ್ಟಿ ಹೊಳೆಯುತ್ತಿದ್ದವು.

"ಆಗ ತಾನೆ ಒಡೆದ ಸೋಡಾ ಇದ್ದಂಗೈತಲ್ರೀ," ಅಂದಳು.

"ನಂಗೆ ನಮ್ಮ ಬಾವಿ ಕಂಡಂಗಾಗ್ತೈತಮ್ಮ," ಅಂದಳು ಗೀತಮ್ಮ.

ಸಾಬರ ಕಣ್ಣು ಗಾಜಿನ ಮೇಲೇ ಇತ್ತು. ತೊಳೆದ ಬಾಟಲಿಗಳ ಸಾಲು, ಹೆಂಡತಿಯ ಒದ್ದೆ ಸೆರಗು, ತಳಕಿನ ದಾರಿಯಲ್ಲಿ ಪೆಟ್ಟಿಗೆಯ ಕಿಣಿಕಿಣಿ, ಎಲ್ಲ ಒಂದೊಂದಾಗಿ ಬಂದು ಹೋದವು.

ಸಿಲಿಂಡರ್ ಖಾಲಿಯಾದಾಗ ತುಂಬಿಸಿಕೊಂಡು ಬರಲು ಸಾಬರೇ ಹಳೇ ಸಂಭ್ರಮದಿಂದ ದಾವಣಗೆರೆಗೆ ಬಸ್ಸು ಹತ್ತಿದರು. ಗ್ಯಾಸಿನವನು ಗುರುತು ಹಿಡಿದ.

"ಏನ್ ಸಾಬ್ರೆ, ಮತ್ತೆ ಸೋಡಾ ಶುರು ಮಾಡಿದ್ರಾ?"

"ಇಲ್ಲಪ್ಪ," ಅಂದರು ಸಾಬರು, "ನಮ್ಮ ಸಿಸ್ಟರಮ್ಮನ ಗಿಡಕ್ಕೆ."