ಸಿನಿಮಾ ಹೇಗಿತ್ತು?

"ಅರ್ಧ ಸಿನಿಮಾನೇ ಇಲ್ಲ ಮಾರಾಯ ಇದರಲ್ಲಿ!" ಎಂದು ಆನ್ಸೆಲ್ಮ್ ಕ್ಯಾಸೆಟ್ಟನ್ನು ಗಾಜಿನ ಕೌಂಟರಿನ ಮೇಲೆ ದೊಪ್ಪನೆ ಇಟ್ಟ. "ಹೆಸರು ನೋಡಿ ಎಂತದೋ ಉಂಟು ಅಂತ ಆರು ಜನ ಒಟ್ಟಿಗೆ ಕೂತದ್ದು. ಅವಳು ಕೋಟಿನ ಗುಂಡಿಗೆ ಕೈ ಹಾಕ್ತಾಳೆ, ಅಷ್ಟರಲ್ಲಿ ಬೆಳಗಾಗಿರ್ತದೆ. ಸೆನ್ಸಾರಿನಲ್ಲಿ ಕತ್ತರಿ ಹಾಕಿದವನಿಗೆ ಮಾತ್ರ ಮಜಾ!"

ಆನ್ಸೆಲ್ಮ್ ರಾಸ್ ಅಲ್ ಖೋರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಶುಕ್ರವಾರ ರಜೆಯ ದಿನ ಕರಾಮಾಕ್ಕೆ ಬಂದರೆ ಗುಣಪಾಲನ ವಿಡಿಯೋ ಅಂಗಡಿಗೆ ಹಾಜರಿ ಹಾಕದೆ ಹೋಗುತ್ತಿರಲಿಲ್ಲ.

"ಕೊನೆ ಹೇಗೆ?" ಎಂದು ಗುಣಪಾಲ ಕೇಳಿದ.

"ಎಂತ ಕೊನೆ? ಬಾತ್‌ಟಬ್ಬಿನಲ್ಲಿ ಸತ್ತು ಬಿದ್ದಿರ್ತಾಳೆ. ತಾನೇ ಸತ್ತಳೋ ಗಂಡ ಕೊಂದನೋ, ಅದನ್ನೂ ಹೇಳುದಿಲ್ಲ. ನಮ್ಮ ರೂಮಿನಲ್ಲಿ ಎರಡು ದಿನದಿಂದ ಅದೇ ಜಗಳ."

೧೯೯೭ರ ಆಗಸ್ಟ್ ತಿಂಗಳು. ಕಾರ್ಕಳದ ಗುಣಪಾಲ ಗಲ್ಫಿಗೆ ಬಂದು ಆ ಅಂಗಡಿಯಲ್ಲಿ ಕೂತು ಹನ್ನೆರಡು ವರ್ಷವಾಗಿತ್ತು. ಅಷ್ಟು ಕ್ಯಾಸೆಟ್ಟುಗಳ ನಡುವೆ ಬದುಕಿದರೂ ಅವನು ನೋಡಿದ ಸಿನಿಮಾಗಳು ಬೆರಳೆಣಿಕೆಯಷ್ಟು. ಪರದೆ ನೋಡಿದರೆ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹಾಗಾಗಿ ವಾಪಸು ತಂದವರನ್ನೆಲ್ಲ "ಸಿನಿಮಾ ಹೇಗಿತ್ತು?" ಎಂದು ಕೇಳಿ, ಅವರು ಹೇಳಿದ್ದನ್ನೇ ಮುಂದಿನ ಗಿರಾಕಿಗೆ ತನ್ನ ಅಭಿಪ್ರಾಯವೆಂಬಂತೆ ಒಪ್ಪಿಸುವುದು ಅವನ ರೂಢಿ. ಈ ಸಿನಿಮಾ ಅಮೆರಿಕದ ಒಬ್ಬ ನಟಿಯ ಜೀವನದ ಕಥೆ. ಅವಳು ನಟಿಸುತ್ತಿದ್ದುದು ಕದ್ದು ನೋಡುವಂಥ ಸಿನಿಮಾಗಳಲ್ಲಿ. ಅವಳನ್ನು ಆ ದಂಧೆಗೆ ತಂದವನೇ ಗಂಡ; ಕೊನೆಗೆ ಮನೆಯಲ್ಲಿ ಕೂಡಿಹಾಕಿದವನೂ ಅವನೇ. ಬಾಯಿಂದ ಬಾಯಿಗೆ ಗುಣಪಾಲನಿಗೆ ಇಷ್ಟು ಗೊತ್ತಾಗಿತ್ತು.

ಅಲ್ ಕೂಜ್ ಕಾರ್ಮಿಕರ ಕ್ಯಾಂಪಿನ ಹುಡುಗರು ಬೈದು ವಾಪಸು ಕೊಟ್ಟರು. "ಅಂಥವಳು ಇನ್ನೆಲ್ಲಿ ಸಾಯ್ತಾಳೆ?" ಎಂದು ಹಿರಿಯರೊಬ್ಬರು ಮೂಗು ಮುರಿದರು. ಮೆಚ್ಚಿದವಳು ಖದೀಜ ಒಬ್ಬಳೇ. ಉಪ್ಪಿನಂಗಡಿಯ ಅವಳು ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್.

"ಕೆಟ್ಟ ಸಿನಿಮಾ ಅಲ್ಲ ಗುಣಪಾಲಣ್ಣ," ಎಂದಿದ್ದಳು. "ಅವಳು ಅಳ್ತಾ ಇರುವಾಗ ಆ ಗಂಡ ಕುರ್ಚಿಯಲ್ಲಿ ಕೂತು ಸಮಾಧಾನದಲ್ಲಿ ಬೂಟಿನ ಲೇಸ್ ಕಟ್ತಾನಲ್ಲ, ಅದನ್ನು ನಾನು ರಿವೈಂಡ್ ಮಾಡಿ ಎರಡು ಸಲ ನೋಡಿದೆ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಹೆಂಗಸರು ನಮ್ಮಲ್ಲಿಗೆ ಬರ್ತಾರೆ. ಹಿಂದೆ ಅಂಥದ್ದೇ ಒಬ್ಬ ನಿಂತಿರ್ತಾನೆ, ಬಹಳ ಮರ್ಯಾದಸ್ಥ."

ಮರುದಿನ ರಘುನಂದನ ಬಂದಾಗ ಗುಣಪಾಲ ಅದರಲ್ಲಿ ಅರ್ಧವನ್ನಷ್ಟೇ ಹೇಳಿದ: "ಕೆಟ್ಟ ಸಿನಿಮಾ ಅಲ್ಲ ಸಾರ್. ನಿಮ್ಮಂಥವರು ನೋಡಬೇಕಾದ್ದು."

ರಘುನಂದನ ಮೈಸೂರಿನವನು, ವಿಮಾ ಕಂಪನಿಯಲ್ಲಿ ಮ್ಯಾನೇಜರ್. ಎದುರಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮನೆ. ಆಗಸ್ಟಿನ ಸೆಕೆಯಲ್ಲೂ ಅವನ ಅಂಗಿಯ ಇಸ್ತ್ರಿ ಮುರಿಯುತ್ತಿರಲಿಲ್ಲ. ಹೆಂಡತಿ ಮಾನ್ಯ ಮೊದಮೊದಲು ಜೊತೆಗೆ ಬಂದು ಕನ್ನಡ ಸಿನಿಮಾ ಆರಿಸುತ್ತಿದ್ದಳು. ರಂಜಾನ್ ಕಳೆದ ಮೇಲೆ ಕಂಡಿರಲಿಲ್ಲ.

ಎರಡು ದಿನಕ್ಕೆಂದು ಒಯ್ದ ಕ್ಯಾಸೆಟ್ ಮೂರು ವಾರವಾದರೂ ಬರಲಿಲ್ಲ. ಶನಿವಾರ ಶನಿವಾರ ರಘುನಂದನನೇ ಬಂದು, ಇನ್ನೊಂದು ವಾರ ಇರಲಿ ಎಂದು ಹೇಳಿ ಹೋಗುತ್ತಿದ್ದ. ಮೂರನೆಯ ಸಲ ಗುಣಪಾಲ, "ಅಷ್ಟು ಹಿಡಿಸಿತಾ ಸಾರ್?" ಎಂದು ನಕ್ಕ.

"ಮನೇಲಿ ದಿನಾ ಒಂದ್ಸಲ ಹಾಕ್ತೀನಿ ಗುಣಪಾಲ್. ಮಾನ್ಯ ನೋಡ್ಲಿ ಅಂತ." ರಘುನಂದನ ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡ. "ಎಲ್ಲರೂ ಗಂಡನ್ನ ಬೈತಾರೆ. ಅವನೇನ್ರೀ ತಪ್ಪು ಮಾಡಿದ್ದು? ಊರೋರೆಲ್ಲಾ ನೋಡಿದ ಹೆಂಗಸನ್ನ ಮನೇಲಿಟ್ಕೊಂಡು ಸಾಕಿದ. ಅವನು ಕೊಲ್ಲಲಿಲ್ಲ. ಅವಳಿಗೆ ಸಾಯಬೇಕು ಅನ್ನಿಸೋವರೆಗೂ ಕಾದ, ಅಷ್ಟೇ."

ಅಭಿಪ್ರಾಯ ಕೇಳಿದ್ದು ಗುಣಪಾಲನೇ ಅಲ್ಲವೇ! ಹಲ್ಲು ಬಿಟ್ಟು, ಇನ್ನೊಂದು ವಾರ ಎಂದು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಇಡೀ ದಿನ ಆ ನಗು ಅವನ ಬಾಯಲ್ಲಿ ಕಹಿಯಾಗಿ ಉಳಿಯಿತು.

ಮರುದಿನ ಬೆಳಿಗ್ಗೆ, ರಘುನಂದನ ಆಫೀಸಿನಲ್ಲಿರುವ ಹೊತ್ತು ನೋಡಿ, ಆ ಮನೆಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಎತ್ತಿದಳು.

"ಇಲ್ಲೇ ಇದೀನಿ," ಎಂದಳು, ಯಾರೆಂದು ಕೇಳುವ ಮೊದಲೇ.

"ನಾನಮ್ಮ, ವಿಡಿಯೋ ಅಂಗಡಿ ಗುಣಪಾಲ. ಆ ಕ್ಯಾಸೆಟ್ ಬೇರೆಯವರು ಕೇಳ್ತಾ ಇದ್ದಾರೆ..." ಆಮೇಲೆ ರೂಢಿಯಂತೆ, "ಸಿನಿಮಾ ಹೇಗಿತ್ತು?" ಎಂದುಬಿಟ್ಟ.

ಆ ಕಡೆ ಏಸಿ ಆರಿಸಿದ ಸದ್ದು ಕೇಳಿತು.

"ಎಲ್ಲರೂ ಏನಂತಾರೆ? ಅವಳು ತಾನೇ ಸತ್ತಳು ಅಂತಾರಾ?"

"ಕೆಲವರು ಹಾಗೆ ಹೇಳ್ತಾರೆ."

"ಅವಳಾಗಿ ಸಾಯಲಿಲ್ಲ," ಎಂದಳು ಮಾನ್ಯ, ನಿಧಾನವಾಗಿ. "ನೀವು ಎಲ್ಲರಿಗೂ ಹೇಳಿ. ನಾನು ಹಾಗೆಲ್ಲಾ ಸಾಯೋಳಲ್ಲ." ಫೋನ್ ಇಟ್ಟಳು.

ಗುಣಪಾಲ ರಿಸೀವರ್ ಹಿಡಿದುಕೊಂಡೇ ನಿಂತ. ಗಂಡ ಹೆಂಡಿರ ವಿಷಯಕ್ಕೆ ತಲೆ ಹಾಕಬಾರದು ಎಂಬುದು ಗಲ್ಫಿಗೆ ಬಂದ ಮೊದಲ ವಾರದಲ್ಲೇ ಕಲಿತ ಪಾಠ. ಪೊಲೀಸು ಎಂದರೆ, ವೀಸಾ ಕೊಡಿಸಿದ ಅಂಗಡಿಯ ಅರಬಿ ಮಾಲೀಕ ಸಿಟ್ಟಾಗುತ್ತಾನೆ. ಅವನು ಸಿಟ್ಟಾದರೆ ವೀಸಾ ಖಲಾಸ್. ಆದರೆ 'ಅವಳು' ಎಂದು ಶುರುವಾದ ಮಾತು 'ನಾನು' ಎಂದು ಮುಗಿದದ್ದು ಕಿವಿಯಿಂದ ಹೋಗಲೊಲ್ಲದು. ಮಧ್ಯಾಹ್ನದ ಬಿಡುವಿಗೆ ಅಂಗಡಿ ಮುಚ್ಚಿ ನೇರ ಕ್ಲಿನಿಕ್ಕಿಗೆ ಹೋದ.

ಎಲ್ಲ ಕೇಳಿದ ಖದೀಜ ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿದಳು. "ನಡೀರಿ. ಈಗಲೇ ಹೋಗುವ."

ನಾಲ್ಕನೇ ಮಹಡಿಯ ಆ ಬಾಗಿಲಿಗೆ ಹೆಸರಿನ ಫಲಕವಿತ್ತು, ಮಾವಿನೆಲೆಯ ಪ್ಲಾಸ್ಟಿಕ್ ತೋರಣವಿತ್ತು. ಖದೀಜ ತಟ್ಟಿದಾಗ ಒಳಗಿನಿಂದ, "ಬೀಗ ಹಾಕಿದೆ. ಕೀ ಅವರ ಹತ್ರ," ಎಂದಿತು ಧ್ವನಿ.

ಬಾಗಿಲಿಗೆ ಬಾಯಿ ಹಚ್ಚಿ ಖದೀಜ ಒಂದೊಂದಾಗಿ ಕೇಳಿದಳು. ಊಟ ಮಾಡಿದ್ದೀರಾ? ಪೆಟ್ಟಾಗಿದೆಯಾ? ಎಲ್ಲಿ? ಬೆರಳು ಆಡಿಸಲಿಕ್ಕೆ ಆಗ್ತದಾ? ಒಳಗಿನ ಉತ್ತರಗಳು ಚಿಕ್ಕವಾಗಿದ್ದವು. ಮದುವೆಗೆ ಮೊದಲು ಮಾನ್ಯ ಮೈಸೂರಿನ ಸೀರೆ ಅಂಗಡಿಯೊಂದರ ಕ್ಯಾಲೆಂಡರಿಗೆ ಫೋಟೋ ತೆಗೆಸಿಕೊಂಡಿದ್ದಳಂತೆ. ಶಾರ್ಜಾದ ಸ್ನೇಹಿತನ ಮನೆಯಲ್ಲಿ, ಅಡುಗೆಮನೆಯ ಗೋಡೆಯ ಮೇಲೆ, ರಘುನಂದನ ಅದನ್ನು ಕಂಡ. ಅಂದಿನಿಂದ ಬೀಗ. ಹೊರಗೆ ಕರೆ ಹೋಗದಂತೆ ಫೋನನ್ನೂ ಲಾಕ್ ಮಾಡಿಸಿದ್ದ. ಗಂಟೆಗೊಮ್ಮೆ ಅವನೇ ಮಾಡುತ್ತಿದ್ದ. ಒಂದು ವಾರದಿಂದ ರಾತ್ರಿ ಬಾತ್‌ಟಬ್ಬಿಗೆ ನೀರು ಬಿಟ್ಟು, ತುಂಬಿದ ಮೇಲೆ, ಹೋಗಿ ನೋಡ್ಕೊಂಡು ಬಾ ಎನ್ನುತ್ತಿದ್ದನಂತೆ.

ಗುಣಪಾಲ ಮೆಟ್ಟಿಲಿಳಿದು ಕಾವಲಿನ ಜಲೀಲನನ್ನು ಹುಡುಕಿದ. ಕಾಸರಗೋಡಿನ ಅವನ ಬಳಿ ಎಲ್ಲ ಮನೆಗಳ ಇನ್ನೊಂದು ಕೀ ಇರುತ್ತಿತ್ತು.

"ಅಲ್ಲಾ, ಬೇಡ ಗುಣಪಾಲಣ್ಣ," ಎಂದು ಜಲೀಲ್ ಎದೆ ಮೇಲೆ ಕೈಯಿಟ್ಟುಕೊಂಡ. "ನನಗೆ ಮೂರು ಮಕ್ಕಳು."

"ನನ್ನ ಕ್ಯಾಸೆಟ್ ಒಳಗುಂಟು. ಅದನ್ನು ತೆಗೀಲಿಕ್ಕೆ ಬಾಗಿಲು ತೆಗೆದೆ ಅಂತ ಹೇಳು. ಉಳಿದದ್ದು ನೀನು ನೋಡಲೇ ಇಲ್ಲ."

ಕೀ ತಿರುಗುವಾಗ ಒಳಗೆ ಫೋನ್ ಬಡಿದುಕೊಳ್ಳತೊಡಗಿತು. ಮಾನ್ಯ ಬಾಗಿಲ ಬಳಿಯೇ ನಿಂತಿದ್ದಳು, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು. ತೆರೆದ ಬಾಗಿಲನ್ನೊಮ್ಮೆ ನೋಡಿದಳು. ನಾಲ್ಕನೆಯ ರಿಂಗಿಗೆ ವಾಪಸು ಹೋಗಿ ಎತ್ತಿದಳು.

"ಹೂಂ. ಇಲ್ಲೇ ಇದೀನಿ... ಸಾರು ಮಾಡ್ತಿದೀನಿ... ಹೂಂ." ಫೋನನ್ನು ಮೆತ್ತಗೆ ಇಟ್ಟು ಬಂದಳು. "ಒಂದು ಗಂಟೆ ಇದೆ," ಎಂದಳು.

ಖದೀಜ ತನ್ನ ದುಪ್ಪಟ್ಟಾವನ್ನು ಅವಳ ತಲೆಗೆ ಹೊದಿಸಿ ಕೈಹಿಡಿದು ಇಳಿಸಿದಳು. ಗುಣಪಾಲ ಯಂತ್ರದಿಂದ ಕ್ಯಾಸೆಟ್ ತೆಗೆದ. ಹಾಗೆ ಹೇಳಿ ಬಾಗಿಲು ತೆಗೆಸಿದ್ದರಿಂದ ತೆಗೆಯಲೇಬೇಕು ಎಂದು ಅವನಿಗೆ ಅನ್ನಿಸಿತು. ಅದು ತಪ್ಪಾಯಿತು ಎಂಬುದು ಗೊತ್ತಾದದ್ದು ಸಂಜೆ.

ಏಳು ಗಂಟೆಗೆ ರಘುನಂದನ ಅಂಗಡಿಗೆ ಬಂದ. ಕೂಗಲಿಲ್ಲ. ಕಪಾಟಿನಲ್ಲಿದ್ದ ಆ ಕ್ಯಾಸೆಟ್ಟನ್ನು ನೋಡಿದ.

"ಮಾನ್ಯ ತಂದುಕೊಟ್ಳಾ?"

"ಹೌದು ಸಾರ್. ಮಧ್ಯಾಹ್ನ."

"ಓಹೋ." ಬೀಗ ಹಾಕಿದ ಮನೆಯಿಂದ ಅವಳು ಹೇಗೆ ಬಂದಳೆಂದು ರಘುನಂದನ ಕೇಳಲಿಲ್ಲ; ಗಿರಾಕಿಗಳಿಗೆಂದು ಇಟ್ಟ ಸ್ಟೂಲನ್ನು ಎಳೆದುಕೊಂಡು ಕೂತ. "ಸಂತೋಷ."

ಅಂದಿನಿಂದ ದಿನವೂ ಸಂಜೆ ಅವನು ಅಲ್ಲೇ. ಪೊಲೀಸರ ಬಳಿ ಹೋಗಲಿಲ್ಲ. ಹೋದರೆ ಬೀಗದ ಮಾತು ಬರುತ್ತಿತ್ತು. ಆಫೀಸಿನಲ್ಲಿ, ಹೆಂಡತಿ ಊರಿಗೆ ಹೋಗಿದ್ದಾಳೆ ಎಂದಿದ್ದನಂತೆ. ಜಲೀಲ್ ಎರಡನೇ ದಿನವೇ ರಜೆ ಹಾಕಿ ಅಜ್ಮಾನಿನ ಅಣ್ಣನ ರೂಮಿಗೆ ಓಡಿದ್ದ. ಅಂಗಡಿಗೆ ಬಂದ ಪ್ರತಿಯೊಬ್ಬ ಹೆಂಗಸನ್ನೂ, ಜೊತೆಗೆ ಗಂಡನಿದ್ದರೂ, ರಘುನಂದನ ಎದ್ದು ನಿಂತು ಕ್ಯಾಸೆಟ್ ತೋರಿಸಿ ಕೇಳುತ್ತಿದ್ದ: "ನಮಸ್ಕಾರ. ಈ ಸಿನಿಮಾ ನೋಡಿದೀರಾ? ಹೇಗಿತ್ತು?" ಕೆಲವರು ಅಸಹ್ಯಪಟ್ಟು ಹೊರಟರು. ನೋಡಿದವರು ಏನಾದರೂ ಅಂದರೆ ತಲೆಯಾಡಿಸುತ್ತ, ಅವರ ಮುಖವನ್ನೇ ದಿಟ್ಟಿಸುತ್ತಿದ್ದ. ಮಾನ್ಯಳನ್ನು ಬಚ್ಚಿಟ್ಟವಳು ಯಾರೆಂದು ಅವನು ಹುಡುಕುತ್ತಿದ್ದಾನೆ ಎಂಬುದು ಗುಣಪಾಲನಿಗೆ ಗೊತ್ತಿತ್ತು. ಹೋಗಿ ಎಂದರೆ ಬೀಗ ತೆಗೆಸಿದ್ದು ತಾನೇ ಎಂದು ಒಪ್ಪಿಕೊಂಡಂತೆ.

ಅತ್ತ ಖದೀಜಳ ಹಾಸ್ಟೆಲಿನಲ್ಲಿ ಅಡಗಿದ್ದ ಮಾನ್ಯಳ ಕೈಗೆ ಪ್ಲಾಸ್ಟರ್ ಬಿತ್ತು. ಮೈಸೂರಿನಿಂದ ಅವಳ ಅಣ್ಣ ಟಿಕೆಟ್ ಕಳಿಸಿದ. ಪಾಸ್‌ಪೋರ್ಟ್ ಗಂಡನ ಬಳಿಯೇ ಇತ್ತು. ಕಾನ್ಸುಲೇಟಿನಿಂದ ಊರಿಗೆ ಹೋಗುವ ಕಾಗದ ಸಿಗಲು ಒಂಬತ್ತು ದಿನ ಹಿಡಿಯಿತು. ಇದನ್ನೆಲ್ಲ ಗುಣಪಾಲ ಮಸೀದಿಯ ಪಕ್ಕದ ಫೋನ್ ಬೂತಿನಿಂದ ಕೇಳಿ ತಿಳಿಯುತ್ತಿದ್ದ. ಅಂಗಡಿ ಕಡೆ ತಲೆ ಹಾಕಬೇಡ ಎಂದು ಖದೀಜಳಿಗೆ ಬಾರಿ ಬಾರಿ ಹೇಳಿದ್ದ.

ಹತ್ತನೇ ದಿನ ಸಂಜೆ ಖದೀಜ ನೇರ ಅಂಗಡಿಗೇ ಬಂದಳು. ಬಿಳಿ ಯೂನಿಫಾರ್ಮಿನಲ್ಲೇ ಇದ್ದಳು. ಗುಣಪಾಲ ಕಣ್ಣಲ್ಲೇ ಬೇಡವೆಂದ. ಅವಳು ಕಂಡೂ ಕಾಣದಂತೆ, "ಹೋಯ್ತು ಗುಣಪಾಲಣ್ಣ. ನಾಲ್ಕು ಗಂಟೆಗೆ ಮೇಲೆ ಹೋಯ್ತು," ಎಂದಳು. ಮಾನ್ಯಳ ವಿಮಾನದ ಮಾತು ಎಂದು ಗುಣಪಾಲನಿಗೆ ತಿಳಿಯಿತು.

ರಘುನಂದನ ಸ್ಟೂಲಿನಿಂದ ಎದ್ದ. "ನಮಸ್ಕಾರ. ಈ ಸಿನಿಮಾ ನೋಡಿದೀರಾ?"

"ನೋಡಿದ್ದೇನೆ."

"ಹೇಗಿತ್ತು?"

"ಗಂಡನೇ ಕೊಂದದ್ದು," ಎಂದಳು ಖದೀಜ.

"ಹೇಗೆ ಹೇಳ್ತೀರಾ? ಅವರು ತೋರಿಸೋದೇ ಇಲ್ಲವಲ್ಲ."

"ಆ ಮನೆಯ ಕೀ ಬೇರೆ ಯಾರ ಹತ್ತಿರವೂ ಇರಲಿಲ್ಲ."

ರಘುನಂದನ ಅವಳ ಮುಖ ನೋಡಿದ, ಯೂನಿಫಾರ್ಮ್ ನೋಡಿದ, ಬಿಳಿಯ ಬೂಟು ನೋಡಿದ. ಏನನ್ನೋ ಕೂಡಿಸಿ ಲೆಕ್ಕ ಹಾಕುವಂತೆ ತುಟಿ ಆಡಿಸಿದ.

"ನೀವು ಯಾವ ಕ್ಲಿನಿಕ್ಕು?" ಎಂದು ಮೃದುವಾಗಿ ಕೇಳಿದ.

ಗುಣಪಾಲ, "ಸಾರ್, ಅವರು..." ಎಂದು ಅಡ್ಡ ಬಂದ. ಖದೀಜ ಕೈ ಎತ್ತಿ ಅವನನ್ನು ತಡೆದಳು. ಕ್ಲಿನಿಕ್ಕಿನ ಹೆಸರು ಹೇಳಿದಳು. ರಸ್ತೆ ಹೇಳಿದಳು. ತನ್ನ ಹೆಸರನ್ನೂ ಬಿಡಿಬಿಡಿಯಾಗಿ ಹೇಳಿದಳು.

"ಥ್ಯಾಂಕ್ಸ್," ಎಂದ ರಘುನಂದನ. ಸ್ಟೂಲನ್ನು ಅದರ ಜಾಗದಲ್ಲಿಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಹೋದ. ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಎಂಜಿನ್ ಶುರುವಾಯಿತು. ಆದರೆ ಕಾರು ಹೊರಟ ಸದ್ದು ಬರಲಿಲ್ಲ.

ಸಮುದ್ರದ ಕಡೆಯ ಬಿಸಿ ಹಬೆ ಆ ಹೊತ್ತಿಗೆ ಅಂಗಡಿಯ ತಣ್ಣನೆಯ ಗಾಜಿಗೆ ಬಡಿದು ಮಂಜಾಗಿ ಕೂತಿತ್ತು. ಬೀದಿ ಕಾಣಿಸುತ್ತಿರಲಿಲ್ಲ, ಕಾರಿನ ಎರಡು ದೀಪಗಳ ಹಳದಿ ಮಾತ್ರ ಅಲ್ಲಿ ಕರಗಿ ನಿಂತಿತ್ತು. ಗುಣಪಾಲ ಕೌಂಟರಿನ ಬಟ್ಟೆ ತೆಗೆದುಕೊಂಡು ಗಾಜನ್ನು ಒರೆಸಿದ. ಮತ್ತೆ ಜೋರಾಗಿ ಒರೆಸಿದ. ಮಂಜಿದ್ದದ್ದು ಹೊರಗಡೆ.